ಹಲ್ಲಿಗೆ ಇಳಿಯದ ಚೈನು

ಸೈಕಲ್ ಚೈನಿನ ಗ್ರೀಸ್ ವಾಸನೆ ಬಂದರೆ ಈಗಲೂ ನನಗೆ ಮತ್ತಿಗಿರಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಏಳನೇ ತರಗತಿಯಲ್ಲಿದ್ದೆ. ಅಪ್ಪ ಫಿಟ್ಟರ್ ಆಗಿದ್ದ ಕಾರ್ಖಾನೆ ಮುಚ್ಚಿ ಎರಡು ತಿಂಗಳಾಗಿತ್ತು. ನನ್ನ ಸೈಕಲ್ಲಿನ ಚೈನು ತುಂಡಾದಾಗ ಅವರು, "ಅಷ್ಟ್ ದೊಡ್ಡ ಮಿಷನ್ನೇ ಬಿಚ್ಚಿ ಜೋಡ್ಸಿವ್ನಿ, ಇದೇನ್ ಮಹಾ" ಎಂದು ಗೆಳೆಯನ ಮನೆಯಿಂದ ಗೇರ್ ಸೈಕಲ್ಲಿನ ಹೊಸ ಚೈನು ತಂದು ಹಾಕಿದರು. ಉದ್ದವೇನೋ ಸರಿಯಾಗಿತ್ತು. ಆದರೆ ಚೈನು ಪೆಡಲ್ ಚಕ್ರದ ಹಲ್ಲುಗಳಿಗೆ ಇಳಿಯದೆ ಅವುಗಳ ತುದಿಯ ಮೇಲೆಯೇ ಕೂತು, ತುಳಿದಾಗಲೆಲ್ಲ ಜಾರುತ್ತಿತ್ತು. ಅಪ್ಪ ನಾಲ್ಕು ಸಲ ಬಿಚ್ಚಿ ಹಾಕಿದರು.

ಇಬ್ಬರೂ ಸೈಕಲ್ ತಳ್ಳಿಕೊಂಡು ಬೀದಿಯ ಮೂಲೆಯಲ್ಲಿದ್ದ ಮುನಿಯಪ್ಪ ಮಾಮನ ರಿಪೇರಿ ಅಂಗಡಿಗೆ ಹೋದೆವು. ಮಾಮ ಚೈನಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಗೇರ್ ಚೈನು ಒಳಗಡೆ ಸಣ್ಣ ಕಣಣ್ಣ. ಈ ಸೈಕಲ್ ಹಲ್ಲು ದಪ್ಪ. ಎಂಗೆ ಇಳೀತದೆ? ನಾನೂ ಮೊದ್ಲು ಇಂಗೇ ಹಾಕ್ಬುಟ್ಟು ರೋಡಲ್ಲಿ ಬಿದ್ದಿವ್ನಿ."

ಅವರು ನಿಜವಾಗಿ ಬಿದ್ದಿದ್ದರೋ ಇಲ್ಲವೋ ನನಗೆ ತಿಳಿಯದು. ಅಗಲದ ಚೈನೊಂದನ್ನು ತೆಗೆದು, ಕೊಂಡಿ ಜೋಡಿಸುವ ಪಿನ್ನು ಒತ್ತುವ ಉಪಕರಣದ ಜೊತೆ ಅಪ್ಪನ ಕೈಗೇ ಕೊಟ್ಟರು. "ನೀವೇ ಹಾಕಿ. ನಂಗೆ ಈಗ ಪಿನ್ನು ಸರಿಯಾಗಿ ಕಾಣಾಕಿಲ್ಲ."

ಅಪ್ಪ ನೆಲದ ಮೇಲೆ ಕೂತು ನಿಧಾನವಾಗಿ ಹಾಕಿದರು. ಪೆಡಲ್ ತಿರುಗಿಸಿದಾಗ ಚೈನು ಸದ್ದಿಲ್ಲದೆ ಓಡಿತು.

"ನಾಳೆ ಇನ್ನೂ ನಾಕು ಸೈಕಲ್ ಅವೆ," ಎಂದರು ಮಾಮ. "ನನ್ನೊಬ್ನ ಕೈಲಿ ಆಗಾಕಿಲ್ಲ."

ಅಪ್ಪ ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ತಲೆಯೆತ್ತದೆಯೇ ಕೇಳಿದರು: "ಎಷ್ಟೊತ್ಗೆ ಬರ್ಲಿ?"