ಮಾತಾಡುವ ಕಿವುಡಿ

೧೯೯೯ರ ಜೂನ್ ೧೪, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಯಂತ್ರದ ಗುಂಡಿ ತೊಂಬತ್ತು ಡೆಸಿಬೆಲ್‌ಗೆ ಬಂದಾಗ ಹುಡುಗಿ ಬೆರಳೆತ್ತಿದಳು. ಸುಳ್ಳು, ಎಂದುಕೊಂಡ ಕಿವಿ ಪರೀಕ್ಷಿಸುತ್ತಿದ್ದ ಬಸವಲಿಂಗ.

ಸರಿಯಾದ ಕಿವಿ ಇಪ್ಪತ್ತೈದರೊಳಗಿನ ಸದ್ದಿಗೇ ಬೆರಳೆತ್ತಬೇಕು. ತೊಂಬತ್ತೆಂದರೆ ಕಿವಿಯ ಪಕ್ಕದಲ್ಲಿ ಲಾರಿಯ ಹಾರ್ನು ಊದಿದಂತೆ. ಅಷ್ಟು ಕಿವುಡಾದವಳು ಒಳಬರುವಾಗ ಹೆಸರು ಕೇಳಿದರೆ ಪಟ್ಟನೆ ಹೇಳಿದ್ದಳು: ರಾಣಿ, ಮನೋಳಿ, ವಯಸ್ಸು ಹದಿನೆಂಟು.

ಸವದತ್ತಿಯ ಹಳೆಯ ಗೋದಾಮಿನಲ್ಲಿ ಅಂಗವಿಕಲರಿಗೆ ಪ್ರಮಾಣಪತ್ರ ಕೊಡುವ ಶಿಬಿರ ನಡೆದಿತ್ತು. ಅದರ ಮೂಲೆಯ ಕೋಣೆಯಲ್ಲಿ ಕಿವಿಯ ಪರೀಕ್ಷೆ. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕೌದಿ ಹೊಡೆದಿದ್ದರು. ಬಾಗಿಲು ಹಾಕಿದರೆ ಗಾಳಿಯೂ ಬರುತ್ತಿರಲಿಲ್ಲ. ಇದ್ದೊಂದು ಕಿಟಕಿಯ ಕೌದಿಯನ್ನು ಬಸವಲಿಂಗ ತಾನೇ ಬಿಚ್ಚಿಸಿ, ಪರೀಕ್ಷೆಗೆ ಬಂದವರ ಕುರ್ಚಿಯನ್ನು ಬೆಳಕಿಗೆ ಮುಖಮಾಡಿ ಇಡಿಸಿದ್ದ. ಬಾಯಲ್ಲಿ ಎಲೆಅಡಿಕೆ ಇದ್ದವರನ್ನು ಉಗಿದು ಬರಲು ಕಳಿಸುತ್ತಿದ್ದ. ದಪ್ಪ ಮೀಸೆಯವರನ್ನು ಇನ್ನೂ ಹತ್ತಿರ ಕರೆಯುತ್ತಿದ್ದ. ಸುಳ್ಳು ಮುಖದಲ್ಲಿ ಸಿಗುತ್ತದೆ ಎನ್ನುವುದು ಅವನ ನಂಬಿಕೆ.

ಆದರೂ ಕಳೆದ ಶಿಬಿರದಲ್ಲಿ ಇಬ್ಬರು ಅವನ ಕಣ್ಣು ತಪ್ಪಿಸಿದ್ದರು. ಚೆನ್ನಾಗಿ ಕೇಳುವವರು ಕಿವುಡರೆಂದು ಕಾಗದ ಪಡೆದಿದ್ದರು. ದೂರು ಮೇಲಿನವರೆಗೆ ಹೋಗಿತ್ತು. ಹೊಸದಾಗಿ ಬಂದ ಡಾಕ್ಟರು ನಾಗರತ್ನಾ ಬೆಳಿಗ್ಗೆಯೇ ಎದುರು ನಿಂತು ಹೇಳಿದ್ದರು: "ಇನ್ನೊಂದು ಸುಳ್ಳು ಕಾಗದ ನಿಮ್ಮ ಕೈಯಿಂದ ಹೋತಂದ್ರ, ಬಸವಲಿಂಗ, ನಿಮ್ಮನ್ನ ಉಳಸೂದು ನನ್ನಿಂದ ಆಗೂದಿಲ್ಲ."

ಹದಿನೇಳು ವರ್ಷದ ಕೆಲಸ. ನಲವತ್ತಾರರ ವಯಸ್ಸು. ಈ ಕೋಣೆಯ ಹೊರಗೆ ತನ್ನನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಬೆಳಗಿನಿಂದ ತಲೆ ಕೆಟ್ಟಿತ್ತು. ಜವಾನ ಮಲಕಾಜಪ್ಪ ಬಾಗಿಲಲ್ಲಿ ನಿಂತು ಏನೋ ಕೇಳಿದಾಗ, "ಪಾಳಿ ಪ್ರಕಾರ ಕಳಸು" ಎಂದುಬಿಟ್ಟಿದ್ದ.

"ಪಾಳಿ ಅಲ್ರಿ ಸರ, ಬಾಳಿ. ಹಣ್ಣ ತರ್ಲೇನು ಅಂತ ಕೇಳಿದ್ನಿ. ನಿಮ್ಮ ತಲ್ಯಾಗ ಬರೇ ಪಾಳೀನ ಕುಂತೈತಿ."

ಮಲಕಾಜಪ್ಪನಿಗೆ ಇವನೆಂದರೆ ಸಲಿಗೆ. ಉಳಿದವರು ಸೊಕ್ಕಿನವನೆನ್ನುತ್ತಿದ್ದರು, ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ದನಿಯಂತೂ ಗೋದಾಮಿನ ಆಚೆಗೂ ಕೇಳುವಂಥದು. ದಿನವಿಡೀ ಕಿವುಡರ ಜೊತೆ ಒದರುವವನಿಗೆ ಮೆಲ್ಲಗೆ ಮಾತಾಡುವುದು ಮರೆತಿದೆ ಎಂದು ನಗುತ್ತಿದ್ದರು.

ಅವನು ಹುಡುಗಿಯ ಹೆಡ್‌ಫೋನು ತೆಗೆದ. ಅವಳ ತಾಯಿ ಇಂದ್ರವ್ವ ಮಗಳ ಬೆನ್ನ ಹಿಂದೆ, ಗೋಡೆಗೆ ಒರಗಿ ಕುಳಿತಿದ್ದಳು.

"ಯಾವಾಗಿಂದ ಕೇಳಂಗಿಲ್ಲ?" ಎಂದು ಹುಡುಗಿಯನ್ನೇ ಕೇಳಿದ.

"ಒಂಬತ್ತ ವರ್ಷದಾಕಿ ಇದ್ದಾಗ ಜ್ವರ ಬಂದಿತ್ರಿ. ಆವಾಗಿಂದ."

"ಮತ್ತ ನಾ ಕೇಳಿದ್ದು ಹೆಂಗ ತಿಳೀತು?"

"ನಿಮ್ಮ ಬಾಯಿ ನೋಡಿ, ಸರ."

ಒಂದಕ್ಷರವೂ ತಡವರಿಸಲಿಲ್ಲ. ಇಷ್ಟು ಸ್ಪಷ್ಟವಾದ ಮಾತನ್ನು ಬಸವಲಿಂಗ ಈಚೆಗೆ ಯಾರಲ್ಲೂ ಕಂಡಿರಲಿಲ್ಲ. ಒಂಬತ್ತಕ್ಕೆ ಕಿವಿ ಹೋದವರ ಮಾತು ಹದಿನೆಂಟರ ಹೊತ್ತಿಗೆ ಅಷ್ಟಿಷ್ಟು ಸವೆದಿರುತ್ತದೆ. ಇವಳದು ಸವೆದಿರಲಿಲ್ಲ.

ಅವನು ಬಾಯಿಗೆ ಕಾಗದ ಅಡ್ಡ ಹಿಡಿದು, "ನಿನ್ನ ಸುಳ್ಳು ನನಗ ಗೊತ್ತಾಗೇತಿ" ಎಂದ. ಹುಡುಗಿಯ ರೆಪ್ಪೆಯೂ ಅಲುಗಲಿಲ್ಲ. ಪಳಗಿದವಳು.

"ಕಾಗದ ತಗೀರಿ, ಸರ," ಎಂದಳು. "ಗ್ವಾಡಿ ನೋಡ್ಕೋತ ಕುಂತಂಗ ಆಗತೈತಿ."

"ಪ್ರಮಾಣಪತ್ರ ಯಾಕ ಬೇಕು ನಿನಗ?"

"ಹುಬ್ಬಳ್ಯಾಗ ಹೊಲಿಗಿ ಕಲಸ್ತಾರಂತ್ರಿ, ಕಿವಿ ಇಲ್ಲದವ್ರಿಗೆ. ಇರಾಕ ಜಾಗಾನೂ ಕೊಡ್ತಾರಂತ. ಮಂದಿ ಬಂದ್ರ ಮನ್ಯಾಗ ನನ್ನ ಒಳಗಿನ ಖೋಲ್ಯಾಗ ಕುಂದ್ರಸ್ತಾರ. ಕುಂತ ಕುಂತ ಸಾಕಾಗೇತ್ರಿ."

ಆ ಮಾತು ಅವನಿಗೆ ಎಲ್ಲೋ ತಾಗಿತು. ಆದರೆ ತಾಗಿದ್ದಕ್ಕೆಲ್ಲ ಸಹಿ ಹಾಕಿದರೆ ನಾಳೆ ತನ್ನ ಅನ್ನಕ್ಕೆ ಕಲ್ಲು. ಗೋಡೆಗೊರಗಿದ ಇಂದ್ರವ್ವ ಬೆರಗಾಗಿ ಅವನನ್ನೇ ನೋಡುತ್ತಿದ್ದಳು. ಮಗಳು ಸಿಕ್ಕಿಬಿದ್ದಳೆಂಬ ಮುಖ ಅದು, ಎಂದುಕೊಂಡ. ಎದ್ದು ಬಾಗಿಲು ತೆಗೆದು ಡಾಕ್ಟರನ್ನು ಕರೆದ.

"ಬರ್ರಿ ಮೇಡಮ್, ಒಬ್ಬಾಕಿ ಸಿಕ್ಕಾಳ. ಕಿವುಡಿ ಅಂತಾಳ. ಹತ್ತು ನಿಮಿಷದಿಂದ ನನ್ನ ಜೋಡಿ ಪಟಪಟ ಮಾತಾಡಾಕ ಹತ್ತ್ಯಾಳ." ರಾಣಿಯ ಕಡೆ ತಿರುಗಿದ. "ಹೇಳವಾ, ಮೇಡಮ್ ಮುಂದೂ ಹೇಳು, ಕಾಗದ ಯಾಕ ಬೇಕಂತ."

"ಹೊಲಿಗಿ ಕಲೀಬೇಕ್ರಿ," ಎಂದಳು ರಾಣಿ.

ಡಾಕ್ಟರು ಇನ್ನೂ ಕಾಯುತ್ತ ನಿಂತಿದ್ದರು. "ಏನಂದ್ಲು?"

"ಹೊಲಿಗಿ ಕಲೀಬೇಕಂತ. ನಿಮಗ ಕೇಳಲಿಲ್ಲೇನ್ರಿ?"

ಇಂದ್ರವ್ವ ಎದ್ದು ಬಂದು ಅವನೆದುರು ನಿಂತಳು.

"ಸಾಹೇಬ್ರ, ಆಕಿ ದನಿ ಬಿಟ್ಟು ಏಳು ವರ್ಷ ಆತು. ಕತ್ತೆ ಒದರಿದಂಗ ಒದರತಾಳ ಅಂತ ಓಣ್ಯಾಗಿನವ್ರು ನಕ್ಕರು. ಅವತ್ತಿಂದ ಬರೇ ತುಟಿ ಆಡಸ್ತಾಳ. ಈ ಖೋಲ್ಯಾಗ ಇಷ್ಟೊತ್ತು ಕೇಳಿದ್ದು ನಿಮ್ಮ ದನಿ ಒಂದ."

ಬಸವಲಿಂಗ ಮೇಜಿನ ಅಂಚು ಹಿಡಿದ. ಡಾಕ್ಟರು ಮೆಲ್ಲಗೆ ಅವನ ಬೆನ್ನ ಹಿಂದೆ ಸರಿದರು. ಕೋಣೆಯಲ್ಲಿ ಏನೂ ಆಗಲಿಲ್ಲ. ಎದುರಿದ್ದ ರಾಣಿ ಅವನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಸರ," ಎಂದಳು, "ಮೇಡಮ್ ನಿಮ್ಮನ್ನ ಕರ್ಯಾಕ ಹತ್ತ್ಯಾರ. ಮೂರು ಸಲ ಆತು."

ಹನ್ನೊಂದೂಕಾಲಕ್ಕೆ ಅದೇ ಯಂತ್ರದಲ್ಲಿ ಅಳೆದಾಗ ಬಸವಲಿಂಗನ ಬಲಗಿವಿ ಎಂಬತ್ತೆಂಟು ಡೆಸಿಬೆಲ್, ಎಡಗಿವಿ ತೊಂಬತ್ತೆರಡು.