ಹಲಸಿನ ಘಮ

ಈಗಲೂ ಹಲಸು ಹಣ್ಣಾಗಿ ಮನೆಯೆಲ್ಲ ಘಮ್ಮೆಂದರೆ ನಾನು ಮೊದಲು ಹಿತ್ತಲ ಬಾಗಿಲು ಹಾಕುತ್ತೇನೆ.

ಅಮ್ಮನ ತಮ್ಮ, ನಮ್ಮ ಮಾವ, ಕಾಡಂಚಿನ ಸಫಾರಿ ಲಾಡ್ಜಿನಲ್ಲಿ ಅಡುಗೆ ಮಾಡುತ್ತಿದ್ದ. ಒಂದು ಸಲ ಅವನನ್ನು ನೋಡಲು ಹೋದಾಗ, ಬರಿಗೈಲಿ ಹೋಗಬಾರದೆಂದು ಅಮ್ಮ ಹೊಳೆನರಸೀಪುರದಿಂದ ಒಂದು ಹಲಸಿನಹಣ್ಣು ಹೊತ್ತು ತಂದಿದ್ದಳು. ಮಧ್ಯಾಹ್ನ ಜಗಲಿಯಲ್ಲಿ ಕೂತು ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿದ್ದಳು. ಎದುರಿನ ಹೊಂಡದಲ್ಲಿ ಆನೆಯೊಂದು ನೀರು ಕುಡಿಯುತ್ತಿತ್ತು. ಪುಟ್ಟ ತಂಗಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

ಗಾಳಿ ತಿರುಗಿತು. ಆನೆ ಕುಡಿಯುವುದನ್ನು ನಿಲ್ಲಿಸಿ ನಮ್ಮ ಕಡೆಗೆ ಸೊಂಡಿಲೆತ್ತಿತು.

ಒಳಗಿಂದ ಬಂದ ಮಾವನ ಮುಖ ಬಿಳಿಚಿಕೊಂಡಿತು. "ಅಕ್ಕಾ, ಅಲಸಿನಣ್ಣು ತಂದಿದ್ದೀಯಾ ಇಲ್ಲಿಗೆ? ಮಗೀನ ಎತ್ಕೊ. ಓಡ್‌ಬ್ಯಾಡ, ಮೆಲ್ಲಗೆ ಒಳಿಕ್ಕೆ ಬಾ."

"ನಿಂಗಿಷ್ಟ ಅಂತ ತಂದೆ ಕಣ್ಲಾ," ಎಂದಳು ಅಮ್ಮ. ತಂಗಿಯನ್ನು ಎತ್ತಿಕೊಂಡಳು.

ಹಣ್ಣನ್ನು ಅಲ್ಲೇ ಬಿಟ್ಟು ಒಳಗೆ ಬಂದು ಅಗುಳಿ ಹಾಕಿದೆವು. ಜಗಲಿಯಲ್ಲಿ ಹಲಸಿನ ಸಿಪ್ಪೆ ಸಿಗಿಯುವ ಸದ್ದು ಕೇಳಿತು, ಆಮೇಲೆ ನಿಂತಿತು. ಬಾಗಿಲ ಸಂದಿಯಿಂದ ಬಿಸಿಯುಸಿರು ಬರತೊಡಗಿತು. ಆಗ ನೋಡಿದೆ, ತಂಗಿಯ ಮುಷ್ಟಿಯಲ್ಲಿ ಇನ್ನೂ ಒಂದು ತೊಳೆಯಿತ್ತು.