ಕೊನೆಯವನು ಇಳಿದ ಮೇಲೆ

"ಇನ್ನೊಂದು ಹಾಕ್ಕೋ" ಎಂದು ವಿಗಿಲ್ ಬಾಟಲಿ ಬಗ್ಗಿಸಿದ. ಸೆವೆರಿನ್ ಬೇಡವೆನ್ನಲಿಲ್ಲ. ವಿಗಿಲ್‌ಗೆ ಬೇಕಾಗಿದ್ದೂ ಅದೇ.

ಬೆಂಚುಗಳ ಮೇಲೆ ಹತ್ತಿ ಸ್ಕೀ ಬೂಟಿನಲ್ಲೇ ಕುಣಿಯುತ್ತಿದ್ದ ಗಿರಾಕಿಗಳೆಲ್ಲ ಬೆಳಕಿರುವಾಗಲೇ ಇಳಿದುಹೋಗಿದ್ದರು. ಜನರನ್ನು ಗುಡ್ಡಕ್ಕೆ ಹತ್ತಿಸುವ ಲಿಫ್ಟು ನಿಂತಿತ್ತು. ಹೊರಗೆ ಕತ್ತಲು ಕವಿಯುತ್ತಿತ್ತು. ಒಳಗೆ ಹುರಿದ ಈರುಳ್ಳಿಯ ಘಮ, ಚೆಲ್ಲಿದ ಬಿಯರು, ಇಬ್ಬರು ಗಂಡಸರು. ಒಂದೇ ಶಾಲೆಯಲ್ಲಿ ಓದಿ, ಒಂದೇ ಇಳಿಜಾರಿನಲ್ಲಿ ಬಿದ್ದು ಎದ್ದು ಸ್ಕೀ ಕಲಿತವರು. ಈಗ ವಿಗಿಲ್ ಗುಡ್ಡದ ಮೇಲಿನ ಈ ಹೋಟೆಲು ನಡೆಸುತ್ತಾನೆ, ಸೆವೆರಿನ್ ಪ್ರವಾಸಿಗಳಿಗೆ ಸ್ಕೀ ಕಲಿಸುತ್ತಾನೆ. ಬಿಡುವಾದಾಗ ಹೋಟೆಲಿನವನ ಹೆಂಡತಿಗೂ ಏನೋ ಕಲಿಸುತ್ತಾನೆ.

ಇದು ಬಾರ್ಟಲ್ ಹೇಳಿದ ಮಾತು. ರಾತ್ರಿ ಹಿಮ ಸಮ ಮಾಡುವ ಯಂತ್ರ ಓಡಿಸುವ ಬಾರ್ಟಲ್ ಹೋದ ವಾರ ವಿಗಿಲ್‌ನ ಹೆಗಲ ಮೇಲೆ ಕೈಯಿಟ್ಟು, "ಹೇಳಬಾರದು ಅಂತಲೇ ಇದ್ದೆ ಕಣೋ. ನಿನ್ನ ಹೆಂಡತಿ ವಿಷಯದಲ್ಲಿ ಸೆವೆರಿನ್ ಮೇಲೆ ಒಂದು ಕಣ್ಣಿಡು" ಎಂದಿದ್ದ. ಪಾಪ, ಎಷ್ಟು ಸಂಕಟಪಟ್ಟುಕೊಂಡು ಹೇಳಿದ್ದ!

ಆಮೇಲೆ ವಿಗಿಲ್‌ಗೆ ಎಲ್ಲವೂ ಕಾಣತೊಡಗಿತು. ಹೆಂಡತಿ ರೋಸ್ವಿತಾ ವಾರಕ್ಕೆರಡು ಸಂಜೆ ಚರ್ಚಿನ ಗಾಯನ ಅಭ್ಯಾಸಕ್ಕೆಂದು ಹೋಗುತ್ತಿದ್ದಳು. ಸೆವೆರಿನ್ ಅದೇ ಮೇಳದಲ್ಲಿ ಹಾಡುತ್ತಿದ್ದ. ಅವಳ ಶಾಲಿಗೆ ಡೀಸೆಲ್ ವಾಸನೆ ಅಂಟಿರುತ್ತಿತ್ತು. ಸೆವೆರಿನ್‌ನ ಲಡಾಸು ಜೀಪು ಡೀಸೆಲ್ಲಿನದೇ. ಇನ್ನೇನು ಸಾಕ್ಷಿ ಬೇಕು? ಇವತ್ತೂ ಅವಳು ಅಭ್ಯಾಸಕ್ಕೆ ಹೋಗಿದ್ದಾಳೆ. ಆದರೆ ಸೆವೆರಿನ್ ಇಲ್ಲಿ ಕೂತಿದ್ದಾನೆ, ಕುಡಿಯುವುದಕ್ಕಿಂತ ಹೆಚ್ಚು ಲೋಟ ತಿರುಗಿಸುತ್ತಾ.

"ವಿಗಿಲ್, ನಿನಗೊಂದು ವಿಷಯ ಹೇಳಬೇಕು. ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ರೋಸ್ವಿತಾ..."

"ಮೊದಲು ಕುಡಿ" ಎಂದ ವಿಗಿಲ್. ಕ್ಷಮೆ ಕೇಳಿಸಿಕೊಳ್ಳುವ ಮನಸ್ಸು ಅವನಿಗಿರಲಿಲ್ಲ. ಒಮ್ಮೆ ಕೇಳಿದರೆ ಎಣಿಸಿದ್ದನ್ನು ಮಾಡಲಾಗದೆಂಬ ಭಯ.

"ಕೇಳೋ ಮಾರಾಯ, ನಿನ್ನ ಮನೆ ವಿಷಯ..."

"ನನ್ನ ಮನೆ ವಿಷಯ ನನಗೆ ಗೊತ್ತು. ಹೊತ್ತಾಯ್ತು, ಹೊರಡು. ದಾರಿ ಖಾಲಿ ಇದೆ. ಬಾರ್ಟಲ್ ಇವತ್ತು ಆ ಕಡೆ ಗುಡ್ಡದಲ್ಲಿದ್ದಾನೆ."

ಅದು ಸುಳ್ಳು. ಸೆವೆರಿನ್ ಇಳಿಯುವ ಇಳಿಜಾರಿನಲ್ಲೇ ಬಾರ್ಟಲ್ ಇವತ್ತು ಯಂತ್ರ ಓಡಿಸುವವನಿದ್ದ. ಕಡಿದಾದ ಆ ಇಳಿಜಾರನ್ನು ಯಂತ್ರ ತಾನಾಗಿ ಹತ್ತಲಾರದು. ತಿರುವಿನ ಕಂಬಕ್ಕೆ ಉಕ್ಕಿನ ಹಗ್ಗ ಕಟ್ಟಿ ಅದನ್ನು ಎಳೆದುಕೊಂಡೇ ಹತ್ತಬೇಕು. ಬಿಗಿದ ಹಗ್ಗ ಕತ್ತಲಲ್ಲಿ ಕಾಣುವುದಿಲ್ಲ, ವೇಗವಾಗಿ ಬಂದವನನ್ನು ಉಳಿಸುವುದೂ ಇಲ್ಲ. ಅದಕ್ಕೇ ಮೇಲಿನ ಹೋಟೆಲಿನವನು ವೈರ್‌ಲೆಸ್ಸಿನಲ್ಲಿ "ಮೇಲೆ ಯಾರೂ ಇಲ್ಲ" ಎನ್ನುವ ತನಕ ಯಾರೂ ಹಗ್ಗ ಕಟ್ಟುವುದಿಲ್ಲ. ಟಿರೋಲಿನ ಈ ಗುಡ್ಡಗಳಲ್ಲಿ ಆ ಒಂದು ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಸೆವೆರಿನ್ ಹೊರಗೆ ಸ್ಕೀ ಕಟ್ಟಿಕೊಳ್ಳುತ್ತಿದ್ದಾಗ ವೈರ್‌ಲೆಸ್ ಗುರುಗುಟ್ಟಿತು.

"ಎಲ್ಲರೂ ಇಳಿದರಾ?" ಬಾರ್ಟಲ್ ಕೇಳಿದ. ಆಮೇಲೆ ದಿನಾ ಕೇಳುವುದನ್ನೇ ಕೇಳಿದ: "ನೀನು ಇವತ್ತು ಮೇಲೇ ಮಲಗ್ತೀಯೋ, ಮನೆಗೆ ಬರ್ತೀಯೋ?"

"ಮೇಲೇ ಮಲಗ್ತೀನಿ." ವಿಗಿಲ್ ದನಿ ತಗ್ಗಿಸಿದ. "ಮೇಲೆ ಯಾರೂ ಇಲ್ಲ."

ಬಾಗಿಲಿನ ಆಚೆ ಸೆವೆರಿನ್ ಕೈಯೆತ್ತಿದ. "ನಾಳೆ ಬರ್ತೀನಿ, ಆಗಲಾದರೂ ಕೇಳಿಸ್ಕೋ. ಬಾಗಿಲು ಹಾಕ್ಕೋ ಮೊದಲು, ಕೆಮ್ಮು ಇನ್ನೂ ಹೋಗಿಲ್ಲ ನಿನಗೆ" ಎಂದು ಜಾರಿಹೋದ.

ಕೆಮ್ಮಂತೆ. ಹಾಳಾದವನು ಕೆಮ್ಮನ್ನೇಕೆ ನೆನಪಿಟ್ಟುಕೊಂಡ? ವಿಗಿಲ್ ಬಾಗಿಲಿಗೆ ಬಂದ. ಹೆಂಡತಿಯನ್ನು ಕಸಿದುಕೊಂಡವನೇ ಆಗಿರಲಿ, ಅವನನ್ನು ಕೊಂದು ತಾನು ಯಾವ ಮುಖ ಹೊತ್ತು ಬದುಕುವುದು? "ಸೆವೆರಿನ್!" ಎಂದು ಕೂಗಿದ. ಅವನು ಆಗಲೇ ಕತ್ತಲಲ್ಲಿ ಮರೆಯಾಗಿದ್ದ. ಕುರ್ಚಿಗಳನ್ನು ಎಡವಿಕೊಂಡು ವೈರ್‌ಲೆಸ್ಸಿನ ಬಳಿ ಓಡಿದ.

"ಬಾರ್ಟಲ್, ಹಗ್ಗ ಕಟ್ಟಬೇಡ! ಸೆವೆರಿನ್ ಬರ್ತಿದ್ದಾನೆ! ನಾನು ಸುಳ್ಳು ಹೇಳಿದೆ, ಕೇಳಿಸ್ತಾ?"

ಮತ್ತೆ ಮತ್ತೆ ಕೂಗಿದ. ವಿಗಿಲ್ ಮೇಜಿನ ಅಂಚು ಹಿಡಿದು ನಿಂತ. ಜನ್ಮದಲ್ಲಿ ಅಷ್ಟು ಹೆದರಿರಲಿಲ್ಲ.

ಕೊನೆಗೆ ಏದುಸಿರಿನ ದನಿ ಬಂತು. "ಅಯ್ಯೋ ಪುಣ್ಯಾತ್ಮ! ಇನ್ನೂ ಕಟ್ಟಿಲ್ಲ. ಯಂತ್ರ ಕೆಳಗೇ ನಿಂತಿದೆ, ನಾನು ಕಂಬದ ಹತ್ತಿರ ಹೋಗೇ ಇಲ್ಲ. ಅಗೋ, ಬಂದ ಸೆವೆರಿನ್, ದಾಟಿ ಹೋದ. ಏನೂ ಆಗಿಲ್ಲ."

ವಿಗಿಲ್ ಕುಸಿದು ಕೂತ. ಅಳು ಬಂತು, ತಡೆಯಲಿಲ್ಲ. ಹೆಂಡತಿ ಕೈಬಿಟ್ಟರೂ ಇನ್ನೂ ಒಬ್ಬ ಗೆಳೆಯ ಇದ್ದಾನೆ, ತನ್ನನ್ನು ಕೊಲೆಗಾರನಾಗದಂತೆ ಉಳಿಸಿದವನು. ಬಾರ್ಟಲ್‌ಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ವೈರ್‌ಲೆಸ್ಸಿಗೆ ಕೈಚಾಚಿದ.

ಕೆಳಗೆ ಬಾರ್ಟಲ್ ಮಾತಾಡಲು ಒತ್ತಿದ ಗುಂಡಿ ಬಿಡುವುದನ್ನು ಮರೆತಿದ್ದ. ರೋಸ್ವಿತಾಳ ದನಿ ಸ್ಪಷ್ಟವಾಗಿ ಕೇಳಿಸಿತು: "ಸೆವೆರಿನ್ ನಮ್ಮಿಬ್ಬರ ವಿಷಯ ಅವನಿಗೆ ಹೇಳಿಬಿಟ್ಟನೇನೋ, ಬಾರ್ಟಲ್?"